ಗೊಬ್ಬರದಿಂದ ಚಳಿ ಬರುವುದಿಲ್ಲ

"ಎಲೆ ಹುಲುಸಾಗಿದೆ ಸರ್, ಹೂ ಮಾತ್ರ ಇಲ್ಲ. ಯಾವ ಗೊಬ್ಬರ ಹಾಕಲಿ?" ಬೆಂಗಳೂರಿನಲ್ಲಿ ಐರಿಸ್ ಬೆಳೆಸಲು ಹೊರಟವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಯಾವುದೂ ಬೇಡ ಎಂದರೆ ಮುಖ ಸಣ್ಣಗಾಗುತ್ತದೆ. ಏನೂ ಮಾರದೆ ಕಳಿಸುವ ನರ್ಸರಿಯವನ ಮೇಲೆ ಜನರಿಗೆ ನಂಬಿಕೆ ಕಡಿಮೆ.

ಅವರು ಬೆಳೆಸುತ್ತಿರುವುದು ಬಹುಪಾಲು ಗಡ್ಡದ ಐರಿಸ್. ಮೂರು ಎಸಳು ಮೇಲಕ್ಕೆದ್ದು, ಮೂರು ಇಳಿಬಿದ್ದು, ಇಳಿಬಿದ್ದವುಗಳ ನಡುವೆ ಹಳದಿಯೋ ಕಿತ್ತಳೆಯೋ ಬಣ್ಣದ ರೋಮದ ಸಾಲು. ವಸಂತದಲ್ಲಿ ಕಾಶ್ಮೀರಕ್ಕೆ ಹೋದವರು ಅಲ್ಲಿನ ಗೋರಿಗಳ ಮೇಲೆ ಇದು ಬಿಳಿಯಾಗಿ, ನೇರಳೆಯಾಗಿ ಅರಳಿರುವುದನ್ನು ಕಂಡು ಮರುಳಾಗಿ ಗೆಡ್ಡೆ ಹೊತ್ತು ತರುತ್ತಾರೆ. (ವಿದೇಶದಿಂದ ಸೂಟ್‌ಕೇಸಿನಲ್ಲಿ ತರಬೇಡಿ. ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು.) ಆ ಗೆಡ್ಡೆ ಹೂದಂಟು ಹೊರಡಿಸಬೇಕಾದರೆ ಹಲವು ವಾರ ಕೊರೆಯುವ ಚಳಿ ತಾಗಿರಬೇಕು. ಬೆಂಗಳೂರಿನ ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸು. ನಮಗೆ ಸ್ವೆಟರ್ ಹಾಕಿಸುವ ಆ ಚಳಿ ಈ ಗಿಡದ ಲೆಕ್ಕಕ್ಕೇ ಬರುವುದಿಲ್ಲ.

ಮೋಸಹೋಗುವುದು ಮೊದಲ ವರ್ಷದಲ್ಲಿ. ಕೆಲವೊಮ್ಮೆ ಬಂದ ಹೊಸದರಲ್ಲಿ ಹೂ ಬಿಟ್ಟುಬಿಡುತ್ತದೆ. ಅದು ನಿಮ್ಮ ಆರೈಕೆಯ ಫಲವಲ್ಲ, ಬರುವ ಮುಂಚೆ ಗೆಡ್ಡೆ ಉಂಡು ಬಂದ ಚಳಿಯದು. ಮರುವರ್ಷ ಆ ಗಂಟು ಖಾಲಿ. ಎಲೆಗೆ ನೀರು, ಬಿಸಿಲು, ಆಹಾರ ಸಾಕು. ಹೂವಿಗೆ ಇವುಗಳ ಮೇಲೆ ಚಳಿಯೂ ಬೇಕು. ಮೊದಲ ಮೂರನ್ನು ಎರಡರಷ್ಟು ಸುರಿದರೂ ನಾಲ್ಕನೆಯದು ತುಂಬಿಕೊಳ್ಳುವುದಿಲ್ಲ. ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕುತ್ತದೆ, ಗೆಡ್ಡೆ ಮೆತ್ತಗಾಗಿ ಕೊಳೆಯುತ್ತದೆ. ಅದರ ಜೊತೆಗೆ ಶುಂಠಿಯಂತೆ ಆಳಕ್ಕೆ ಹೂಳುವವರು ಬೇರೆ. ಈ ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲಿಗೆ ಕಾಣುತ್ತಿರಬೇಕು.

ಮಲ್ಲೇಶ್ವರದ ನಿವೃತ್ತ ಶಿಕ್ಷಕಿಯೊಬ್ಬರು ಇದನ್ನೆಲ್ಲ ಗಮನವಿಟ್ಟು ಕೇಳಿ, ಮನೆಗೆ ಹೋಗಿ ದಿನವೂ ಕುಂಡದ ಬುಡಕ್ಕೆ ಫ್ರಿಜ್ಜಿನ ಐಸ್ ಸುರಿಯತೊಡಗಿದರು. ಅವರ ಹಟದ ಮೇಲೆ ನನಗೆ ಗೌರವವಿದೆ, ಐಸಿನ ಮೇಲೆ ಇಲ್ಲ. ಅರ್ಧ ಗಂಟೆಯ ತಂಪು ಚಳಿಗಾಲವಾಗುವುದಿಲ್ಲ. ಹಾಗೆಂದು ಎಲ್ಲ ತಳಿಗಳೂ ಒಂದೇ ಅಲ್ಲ. ಕೆಲವಕ್ಕೆ ಕಡಿಮೆ ಚಳಿ ಸಾಕಾಗುತ್ತದೆ. ಅರಳುವುದೇ ಇಲ್ಲ ಎಂದು ನಾನು ಬರೆದುಕೊಡುವುದಿಲ್ಲ. ಅರಳುತ್ತದೆ ಎಂದು ಮಾರುವುದೂ ಇಲ್ಲ.

ನಮ್ಮಲ್ಲಿ ಸುಖವಾಗಿ ಬೆಳೆಯುವ ನಿಜವಾದ ಐರಿಸ್ ಒಂದಿದೆ: ಕಿತ್ತಳೆ ಹೂವಿನ ಮೇಲೆ ಕೆಂಪು ಚುಕ್ಕೆಯ ಐರಿಸ್ ಡೊಮೆಸ್ಟಿಕಾ. ಹಿಂದೆ ಬೆಲಮ್ಕಾಂಡ ಎನ್ನುತ್ತಿದ್ದರು. ಡಿಎನ್ಎ ನೋಡಿ 2005ರಲ್ಲಿ ಐರಿಸ್ ಕುಲಕ್ಕೆ ಸೇರಿಸಿದರು. ಒಂದೊಂದು ಹೂವಿನ ಬಾಳು ಒಂದೇ ದಿನ, ಆದರೆ ಸರದಿಯಲ್ಲಿ ಬರುತ್ತಲೇ ಇರುತ್ತವೆ. ಕಾಯಿ ಒಡೆದಾಗ ಒಳಗೆ ಮಿರುಗುವ ಕಪ್ಪು ಬೀಜದ ಗೊಂಚಲು. ಗಡ್ಡವಿಲ್ಲ ಎಂಬುದೊಂದೇ ಗಿರಾಕಿಗಳ ದೂರು.

ನೆರಳು ಹೆಚ್ಚಿರುವ ಮನೆಗೆ ನಾನು ಕೊಡುವುದು ದಕ್ಷಿಣ ಅಮೆರಿಕ ಮೂಲದ ನಿಯೋಮರಿಕಾ. ಐರಿಸಿನ ದಾಯಾದಿ, ಹೊರ ಎಸಳು ಬಿಳಿ, ಒಳಗಿನವು ನೀಲಿಯಾಗಿ ಸುರುಳಿಗೊಂಡಿರುತ್ತವೆ. ಹೂ ಬಾಡಿದ ಜಾಗದಲ್ಲೇ ಮರಿ ಮೂಡಿ, ಭಾರಕ್ಕೆ ದಂಟು ಬಾಗಿ, ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಹೀಗೇ ಹೆಜ್ಜೆ ಇಡುತ್ತ ಪಕ್ಕದ ಪಾತಿಗೂ ಹೋಗುತ್ತದೆ, ತಡೆಯಬೇಕಷ್ಟೇ. ಬಿಸಿಲಿನ ಅಂಚಿಗೆ ಐರಿಸಿನ ಇನ್ನೊಂದು ದಾಯಾದಿ, ಆಫ್ರಿಕಾದ ಡಯಟಿಸ್ ಸಾಕು. ಹೂ ಮುಗಿಯಿತೆಂದು ಅದರ ದಂಟು ಕತ್ತರಿಸಬೇಡಿ, ಹಸಿರಾಗಿದ್ದರೆ ಅದೇ ದಂಟಿನಲ್ಲಿ ಮತ್ತೆ ಮೊಗ್ಗು ಬರುತ್ತದೆ.

ಕೊಳಕ್ಕೆಂದು ಹಳದಿ ನೀರು ಐರಿಸ್ ತರುವವರಿಗೊಂದು ಎಚ್ಚರಿಕೆ. ಹೂವಿಲ್ಲದಾಗ ಅದರ ಎಲೆ ಥೇಟ್ ಬಜೆಯ ಎಲೆಯೇ. ಎಲೆ ಹೊಸಕಿದರೆ ಬಜೆ ಘಮಘಮಿಸುತ್ತದೆ, ಐರಿಸಿಗೆ ಆ ವಾಸನೆ ಇಲ್ಲ. ಐರಿಸಿನ ಗೆಡ್ಡೆ ವಿಷ. ಮನೆಯಲ್ಲಿ ಕೂಸಿದ್ದು, ಬಜೆ ತೇಯುವ ಅಜ್ಜಿಯೂ ಇದ್ದರೆ, ಎರಡನ್ನೂ ಒಂದೇ ತೊಟ್ಟಿಯಲ್ಲಿ ನೆಡಬೇಡಿ.