ಮೇಜಿನ ಮೇಲೆ ಸರಿ, ಮರದೊಳಗೆ ತಕರಾರು

ಕಳೆದ ಆಷಾಢದಲ್ಲಿ ಸಕಲೇಶಪುರ ಕಡೆಯ ತೋಟದವರೊಬ್ಬರು ಹಾಸನದ ನನ್ನ ರಿಪೇರಿ ಅಂಗಡಿಗೆ ಒಂದು ಚಕಮಕಿ ಕೋವಿ ತಂದರು, ಕಲ್ಲು ಉಕ್ಕಿಗೆ ಹೊಡೆದು ಏಳುವ ಕಿಡಿಯಿಂದ ಮದ್ದು ಹೊತ್ತಿಸುವ ಹಳೇ ಬಗೆ. ಮುತ್ತಜ್ಜನ ಕಾಲದ್ದು, ಲೈಸೆನ್ಸಿನಲ್ಲಿ ದಾಖಲಾದದ್ದು. "ಕುದುರೆ ಎತ್ತಿದರೆ ನಿಲ್ಲುತ್ತಿಲ್ಲ, ಬೇಸಿಗೆಯಲ್ಲಿ ಸರಿಯಾಗಿತ್ತು" ಎಂದರು. ಕಾಯಿಲೆಯ ಗುರುತು ಆ ಕೊನೆಯ ಮಾತಿನಲ್ಲೇ ಇತ್ತು. ಕುದುರೆ ಎಂದರೆ ಕಲ್ಲನ್ನು ಕಚ್ಚಿ ಹಿಡಿದು ಹೊಡೆಯುವ ಸುತ್ತಿಗೆ.

ನಮ್ಮ ಕಡೆ ಚಕಮಕಿ ಕೋವಿ ಅಪರೂಪ. 1840ರ ದಶಕದಲ್ಲಿ ಬ್ರಿಟಿಷ್ ಸೈನ್ಯ ಕೇಪಿಗೆ, ಅಂದರೆ ಹೊಡೆದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿಗೆ, ಹೊರಳಿತು. ಆಮೇಲೆ ಎಷ್ಟೋ ಹಳೇ ಕೋವಿಗಳ ಕಿಡಿ ಬೀಳುವ ಮದ್ದಿನ ಬಟ್ಟಲನ್ನೂ, ಕಲ್ಲು ಹೊಡೆಯುವ ಉಕ್ಕಿನ ಮುಚ್ಚಳವನ್ನೂ ಕಿತ್ತು ಕೇಪು ಕೂರಿಸುವ ಮೊಳೆ ಹಾಕಿಬಿಟ್ಟರು. ಹಾಗಾಗದೆ ಉಳಿದದ್ದು ಕೈಗೆ ಬಂದರೆ ಅರವನ್ನು ಮುಟ್ಟಲು ನನಗೆ ಭಯ.

ಮೊದಲ ಕೆಲಸ ಗಜ, ಅಂದರೆ ಮದ್ದು ಜಡಿಯುವ ಸರಳು, ಇಳಿಸುವುದು. ನಳಿಗೆಯೊಳಗೆ ಎಷ್ಟು ಇಳಿಯಿತೆಂದು ಗುರುತು ಮಾಡಿ, ಹೊರಗೆ ಹಿಡಿದು ಅಳೆಯಬೇಕು. ಬೆಂಕಿ ಒಳಹೋಗುವ ಬುಡದ ತೂತಿನವರೆಗೆ ಗಜ ಮುಟ್ಟದಿದ್ದರೆ ಒಳಗೆ ಏನೋ ಇದೆ. ಅಜ್ಜ ತುಂಬಿಟ್ಟ ಮದ್ದು ಇಂದಿಗೂ ಹಾಗೇ ಕೂತಿರಬಹುದು. ಇದನ್ನು ನೋಡದೆ ಸ್ಕ್ರೂ ಬಿಚ್ಚುವವರ ಹತ್ತಿರ ನಾನು ಕೂರುವುದಿಲ್ಲ.

ನಳಿಗೆ ಖಾಲಿ ಇತ್ತು. ಲಾಕ್, ಅಂದರೆ ಕುದುರೆ, ಸ್ಪ್ರಿಂಗು ಎಲ್ಲ ಕೂತಿರುವ ತಟ್ಟೆ, ಬಿಚ್ಚಿ ಕೈಯಲ್ಲಿ ಹಿಡಿದು ಕುದುರೆ ಎಳೆದೆ. ಅರ್ಧಕ್ಕೆ ಟಕ್, ಪೂರ್ತಿಗೆ ಟಕ್, ಎರಡೂ ಕಡೆ ಗಟ್ಟಿಯಾಗಿ ನಿಂತಿತು. ಮತ್ತೆ ಮರಕ್ಕೆ ಕೂರಿಸಿ ಸ್ಕ್ರೂ ಬಿಗಿದೆ, ಪೂರ್ತಿ ಎತ್ತಿದರೆ ಜಾರಿತು. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದೆ, ನಿಂತಿತು. ಅಂದರೆ ಉಕ್ಕಿನಲ್ಲಿ ದೋಷವಿಲ್ಲ, ಮಳೆಯಲ್ಲಿ ಮರ ಉಬ್ಬಿದೆ.

ಒಳಗೆ ಆಗುವುದು ಇಷ್ಟು. ಕುದುರೆಯ ಜೊತೆ ತಿರುಗುವ ಟಂಬ್ಲರಿನಲ್ಲಿ ಎರಡು ಕಚ್ಚುಗಳಿವೆ. ಸಿಯರ್ ಎಂಬ ಸಣ್ಣ ತುಂಡಿನ ಮೂತಿ ಅವುಗಳಲ್ಲಿ ಕೂರುತ್ತದೆ. ಅದರ ಬಾಲ ಮರದ ತೂತಿನೊಳಗೆ ಚಾಚಿರುತ್ತದೆ, ಟ್ರಿಗರ್ ಎಳೆದಾಗ ಆ ಬಾಲ ಮೇಲೇಳುತ್ತದೆ, ಮೂತಿ ಕಚ್ಚಿನಿಂದ ಈಚೆ ಬರುತ್ತದೆ. ತೂತಿನ ತಳದ ಮರ ಕೂದಲೆಳೆಯಷ್ಟು ಉಬ್ಬಿ ಬಾಲವನ್ನು ಎತ್ತಿ ಹಿಡಿದರೂ ಸಾಕು, ಮೂತಿ ಕಚ್ಚಿನ ಅಂಚಿನಲ್ಲಷ್ಟೇ ನಿಲ್ಲುತ್ತದೆ. ತುಸು ಅಲುಗಿದರೆ ಜಾರಿತು.

ಇದನ್ನು ತಿಳಿಯದೆ ಹಿಂದೆ ಯಾರೋ ಪೂರ್ತಿ ಕಚ್ಚಿಗೆ ಅರ ಹಾಕಿದ್ದರು. ಅದೃಷ್ಟಕ್ಕೆ ಒಂದೆರಡು ಗೀರಿಗೇ ನಿಲ್ಲಿಸಿದ್ದರು. ಮರದ ತಪ್ಪಿಗೆ ಉಕ್ಕನ್ನು ಕೊಯ್ಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮರಕ್ಕೆ ತೇಪೆ ಹಾಕಬಹುದು, ಕೆಟ್ಟ ಕಚ್ಚಿಗೆ ಬೇರೆ ಟಂಬ್ಲರನ್ನೇ ಮಾಡಬೇಕು. ಅರ್ಧ ಕಚ್ಚನ್ನಂತೂ ಮುಟ್ಟಲೇಬಾರದು, ಈ ಕೋವಿಗೆ ಇರುವ ಕಾವಲು ಅದೊಂದೇ.

ಎಣ್ಣೆದೀಪದ ಕಾಡಿಗೆ ಹಿಡಿದು ಲಾಕಿನ ಒಳಮೈಗೆ ತೆಳ್ಳಗೆ ಸವರಿದೆ. ನಿಧಾನಕ್ಕೆ ಮರದಲ್ಲಿ ಕೂರಿಸಿ, ಕುದುರೆ ಒಮ್ಮೆ ಆಡಿಸಿ, ಬಿಚ್ಚಿ ನೋಡಿದರೆ ಮರದ ಮೇಲೆ ಎರಡು ಕಪ್ಪು ಚುಕ್ಕೆ. ಒಂದು ಸಿಯರ್ ಬಾಲದ ತೂತಿನ ತಳದಲ್ಲಿ, ಇನ್ನೊಂದು ದೊಡ್ಡ ಸ್ಪ್ರಿಂಗಿನ ಮೊಣಕೈ ತಾಗುವಲ್ಲಿ. ಚುಕ್ಕೆ ಇದ್ದಷ್ಟೇ ಜಾಗವನ್ನು ಉಳಿಯ ಮೂಲೆಯಿಂದ ಹೆರೆದೆ. ಮತ್ತೆ ಕಾಡಿಗೆ, ಮತ್ತೆ ಹೆರೆತ. ಆರನೇ ಸಲಕ್ಕೆ ಚುಕ್ಕೆ ಬೀಳಲಿಲ್ಲ. ಲಾಕಿನ ತಟ್ಟೆಯ ಅಂಚು ಕೂರುವ ಮರವನ್ನು ಹೆರೆಯಬಾರದು. ಅಲ್ಲಿ ತಗ್ಗಿದರೆ ಬಟ್ಟಲಿಗೂ ನಳಿಗೆಗೂ ಹೊಂದಿಕೆ ತಪ್ಪುತ್ತದೆ, ಸಂದು ಬಿಟ್ಟರೆ ಮದ್ದು ಅದರೊಳಗೆ ಸುರಿದು ಮರವನ್ನೇ ಸುಡುತ್ತದೆ.

ಇನ್ನು ಕಲ್ಲು. ತೊಗಲಿನ ತುಂಡಿನಲ್ಲಿ ಸುತ್ತಿ ಕುದುರೆಯ ದವಡೆಗೆ ಬಿಗಿಯಬೇಕು. ಅದರ ಅಂಚು ಮುಚ್ಚಳದ ಮುಖಕ್ಕೆ ಅಗಲಪೂರ್ತಿ ನೇರವಾಗಿ, ಬುಡದಿಂದ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ತಾಗಿ, ಕೆಳಕ್ಕೆ ಹೆರೆಯುತ್ತ ಹೋಗಬೇಕು. ಕಿಡಿ ಕಲ್ಲಿನದಲ್ಲ, ಕಲ್ಲು ಹೆರೆದ ಉಕ್ಕಿನ ಪುಡಿ ಗಾಳಿಯಲ್ಲಿ ಉರಿಯುವುದು. ಮುಚ್ಚಳದ ಮುಖ ಮೆತ್ತಗಾಗಿದ್ದರೆ ಕಲ್ಲು ಅದನ್ನು ಬರೀ ಗೀರುತ್ತದೆ, ಕಿಡಿ ಏಳುವುದಿಲ್ಲ. ಆಗ ಅದಕ್ಕೆ ಮತ್ತೆ ಹದ ಕೊಡಬೇಕು.

ಈ ಕೋವಿಯ ಉಕ್ಕಿನ ಹದ ಕೆಟ್ಟಿರಲಿಲ್ಲ. ಬಾಗಿಲು ಹಾಕಿ, ದೀಪ ಆರಿಸಿ, ಮದ್ದಿಲ್ಲದ ಖಾಲಿ ಬಟ್ಟಲಿನ ಮೇಲೆ ಒಮ್ಮೆ ಹೊಡೆದೆ. ಕೆಂಡದ ಬಣ್ಣದ ನಾಲ್ಕಾರು ಕಿಡಿಗಳು ಬಟ್ಟಲಿಗೆ ಬಿದ್ದು, ಅಲ್ಲೇ ಒಂದು ಕ್ಷಣ ಮಿನುಗಿ ಆರಿದವು. ತಂದವರೂ ಪಕ್ಕದಲ್ಲೇ ನಿಂತಿದ್ದರು, ಇನ್ನೊಂದು ಸಲ ತೋರಿಸಿ ಎಂದರು.

ಹೆರೆದ ಹಸಿ ಮರಕ್ಕೆ ಅಗಸೆ ಎಣ್ಣೆ ಕುಡಿಸಿ ಕೊಟ್ಟಿದ್ದೇನೆ. ಮಾಗಿಯಲ್ಲಿ ಮರ ಒಣಗಿದ ಮೇಲೆ ಮತ್ತೊಮ್ಮೆ ತನ್ನಿ, ಸ್ಕ್ರೂ ಎಷ್ಟು ಸಡಿಲಾಗಿದೆ ನೋಡಬೇಕು ಎಂದು ಹೇಳಿ ಕಳಿಸಿದೆ.