ಫೋಟೋದಲ್ಲಿ ಬಂದ ದೆವ್ವ: ಗಾಜಿನ ಪ್ಲೇಟಿನಿಂದ ಸಿಸಿಟಿವಿವರೆಗೆ

ಬಳ್ಳಾರಿ ಕಡೆಯ ವಾಟ್ಸಾಪ್ ಗುಂಪುಗಳಿಗೆ ಒಂದು ಜಾತಿಯ ಫೋಟೋ ಆಗಾಗ ಬರುತ್ತಿರುತ್ತದೆ. ಕತ್ತಲ ರಸ್ತೆ, ಅಂಚಿನಲ್ಲಿ ಬಿಳಿ ಸೀರೆಯಂಥದ್ದು ಏನೋ, ಮುಖ ಇಲ್ಲ. ಫೋಟೋ ಅದೇ, ಕೆಳಗಿನ ಬರಹ ಮಾತ್ರ ಬೇರೆ. ಒಬ್ಬರು ತೋರಣಗಲ್ಲು ರಸ್ತೆ ಅನ್ನುತ್ತಾರೆ, ಇನ್ನೊಬ್ಬರು ರಾಯಚೂರು ಬೈಪಾಸ್, ಮತ್ತೊಬ್ಬರು ಹಿರೇಬೆಣಕಲ್ ಗುಡ್ಡ. ಹಿರೇಬೆಣಕಲ್‌ನಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲಿನ ಸಮಾಧಿಗಳಿವೆಯಲ್ಲ, ಆ ಹೆಸರು ಬೇಗ ಒಪ್ಪಿಗೆಯಾಗುತ್ತದೆ. ಅಷ್ಟರಲ್ಲಿ ಯಾರೋ ‘ಇದು ಆ್ಯಪ್‌ನಲ್ಲಿ ಮಾಡಿದ್ದು’ ಅನ್ನುತ್ತಾರೆ. ಇನ್ಯಾರೋ ‘ನಮ್ಮ ಮಾವನೇ ಕಣ್ಣಾರೆ ನೋಡಿದಾನೆ’ ಅನ್ನುತ್ತಾರೆ. ಅಲ್ಲಿಂದ ಮುಂದೆ ಯಾರ ಮಾತು ಯಾವ ಫೋಟೋದ ಬಗ್ಗೆ ಅನ್ನುವುದೇ ತಿಳಿಯುವುದಿಲ್ಲ.

ಕ್ಯಾಮೆರಾ ಹುಟ್ಟಿದಾಗ ಅದರ ಕಷ್ಟವೇ ಬೇರೆ ಇತ್ತು. ಇರುವವರೇ ಅದರಲ್ಲಿ ಕಾಣುತ್ತಿರಲಿಲ್ಲ. 1838ರಲ್ಲಿ ಫೋಟೋಗ್ರಫಿಯ ಮೊದಲಿಗರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್‌ನ ಒಂದು ರಸ್ತೆಯ ಫೋಟೋ ತೆಗೆದ. ಜನ ಓಡಾಡುವ ರಸ್ತೆ ಖಾಲಿಯಾಗಿ ಬಂತು. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದುಕೊಂಡ. ಲೆನ್ಸು ನಿಮಿಷಗಟ್ಟಲೆ ತೆರೆದಿದ್ದರೆ ನಡೆಯುವವರು ಅಳಿಸಿಹೋಗುತ್ತಾರೆ. ಅರ್ಧ ಹೊತ್ತು ನಿಂತು ಹೋದವರು ಅರೆಪಾರದರ್ಶಕವಾಗಿ ಉಳಿಯುತ್ತಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಾಗಲೂ ವಿಧಾನ ಇಷ್ಟೇ ನಿಧಾನವಾಗಿತ್ತು.

ಇಂಥ ಅರೆಪಾರದರ್ಶಕ ಚಿತ್ರವನ್ನು ವ್ಯಾಪಾರ ಮಾಡಿದ್ದು ಅಮೆರಿಕದ ಫೋಟೋಗ್ರಾಫರ್ ವಿಲಿಯಂ ಮಮ್ಲರ್. 1860ರ ದಶಕದಲ್ಲಿ ಅಲ್ಲಿನ ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು ಸಾಲಾಗಿ ಬಂದರು. ಅವರ ಫೋಟೋದ ಹಿಂದೆ ಮಸುಕಾದ ಮುಖವೊಂದು ಮೂಡುತ್ತಿತ್ತು. 1869ರಲ್ಲಿ ಈತನ ಮೇಲಿನ ವಂಚನೆ ಕೇಸಿನಲ್ಲಿ ನ್ಯೂಯಾರ್ಕ್ ಕೋರ್ಟಿಗೆ ಬಂದ ಬೇರೆ ಫೋಟೋಗ್ರಾಫರುಗಳು ಇಂಥದ್ದನ್ನು ಮಾಡುವ ಹಲವು ದಾರಿ ವಿವರಿಸಿದರು. ಈತ ಮಾಡಿದ್ದು ಅವುಗಳಲ್ಲಿ ಯಾವುದು ಅಂತ ಸಾಬೀತಾಗಲಿಲ್ಲ, ಬಿಡುಗಡೆಯಾಯಿತು. ಮುಂದೆ ಲಿಂಕನ್‌ರ ವಿಧವೆಯೂ ಈತನ ಮುಂದೆ ಕೂತು ಫೋಟೋ ತೆಗೆಸಿಕೊಂಡರು. ಇಂಥದೇ ಫೋಟೋ ತೆಗೆಯುತ್ತಿದ್ದ ಇಂಗ್ಲೆಂಡಿನ ವಿಲಿಯಂ ಹೋಪ್ 1922ರಲ್ಲಿ, ಚಿತ್ರ ಮೂಡುವ ಗಾಜಿನ ಪ್ಲೇಟು ಬದಲಾಯಿಸುವಾಗ ಸಿಕ್ಕಿಬಿದ್ದ. ಅವನನ್ನು ನಂಬಿದ್ದವರು ಆಮೇಲೂ ನಂಬಿದರು.

ನಮ್ಮ ಊರುಗಳ ಕತೆ ಸ್ಟುಡಿಯೋದಿಂದ ಶುರುವಾಗುತ್ತದೆ. ಅಗ್ಫಾ ಕ್ಲಿಕ್ ಥರದ ಕ್ಯಾಮೆರಾಗಳಲ್ಲಿ ಹಿಂದಿನ ಕೆಂಪು ಕಿಂಡಿಯಲ್ಲಿ ನಂಬರ್ ನೋಡಿಕೊಂಡು ಕೈಯಾರೆ ರೀಲು ತಿರುಗಿಸಬೇಕಿತ್ತು. ತಿರುಗಿಸುವುದು ಮರೆತರೆ ಮದುವೆಮನೆಯ ಅಜ್ಜಿ ಬಂದು ಜಾತ್ರೆಯ ತೇರಿನ ಮೇಲೆ ಕೂರುತ್ತಿದ್ದಳು. ರೀಲು ತೊಳೆಯುವುದೂ ಇಲ್ಲಿ ಸುಲಭ ಇರಲಿಲ್ಲ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಸುಮಾರು 20 ಡಿಗ್ರಿ ಇರಬೇಕು. ಬಳ್ಳಾರಿಯ ಬೇಸಿಗೆ 40 ದಾಟುತ್ತದೆ. ನೀರು ಬಿಸಿಯಾದರೆ ಫಿಲ್ಮಿನ ಜೆಲಟಿನ್ ಪದರ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಚಿತ್ರ ಉಳಿಸುವ ಹೈಪೊ ದ್ರಾವಣ ಹಳತಾದರೆ ಕಲೆ ಉಳಿಯುತ್ತದೆ. ಆ ಕಲೆಗೆ ಕಣ್ಣು, ಬಾಯಿ ಹಚ್ಚುವ ಕೆಲಸ ನೋಡುವವರದು.

ಹೀಗೆ ತಪ್ಪಿ ಆಗಿದ್ದನ್ನು ಬೇಕಂತಲೇ ಮಾಡುವುದೂ ಸ್ಟುಡಿಯೋದವರಿಗೆ ಗೊತ್ತಿತ್ತು. ಡಬಲ್ ಆ್ಯಕ್ಟಿಂಗ್ ಫೋಟೋ ನೆನಪಿದೆಯಲ್ವಾ? ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ, ಇನ್ನರ್ಧ ಮುಚ್ಚಿ ಇನ್ನೊಂದು ಸಲ ತೆಗೆದರೆ ಒಬ್ಬನೇ ಹುಡುಗ ತನಗೆ ತಾನೇ ಕೈ ಕುಲುಕುತ್ತಾನೆ. ತೀರಿಕೊಂಡ ಯಜಮಾನರ ಹಳೇ ಫೋಟೋ ತಂದು ‘ಅವ್ವನ ಪಕ್ಕ ಕೂರಿಸಿಕೊಡ್ರಿ’ ಅಂತ ಕೇಳುವವರೂ ಇದ್ದರು. ಅಂಥ ಫೋಟೋ ಇಂದಿಗೂ ಎಷ್ಟೋ ಮನೆಗಳ ಗೋಡೆಯಲ್ಲಿದೆ, ದಿನಾ ಹೂವು ಏರುತ್ತದೆ. ಮಮ್ಲರ್ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ. ಇಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ವಿಷಯ ಗೊತ್ತಿರುತ್ತಿತ್ತು, ಅಷ್ಟೇ ವ್ಯತ್ಯಾಸ. ನನ್ನ ಪ್ರಕಾರ ಅದು ಸಣ್ಣ ವ್ಯತ್ಯಾಸವಲ್ಲ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಬಿಳಿ ಉಂಡೆಗಳ ಕಾಲ. ಸಣ್ಣ ಕ್ಯಾಮೆರಾದಲ್ಲಿ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ಎದುರಿಗೆ ತೇಲುವ ಧೂಳಿನ ಕಣಕ್ಕೆ ಬೆಳಕು ತಾಗಿದರೆ ಫೋಕಸ್ ತಪ್ಪಿದ ದುಂಡನೆಯ ಬಿಳಿ ಉಂಡೆ ಮೂಡುತ್ತದೆ. ‘ಆತ್ಮ’ ಅಂತ ಹಂಚಿದರು. ಅದಿರು ಲಾರಿಗಳ ಧೂಳು ಕುಡಿದ ಸಂಡೂರು, ಹೊಸಪೇಟೆಯ ಜನಕ್ಕೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತಾ? ಸ್ಮಾರ್ಟ್‌ಫೋನಿನ ಜೊತೆ ಫೋಟೋಕ್ಕೆ ದೆವ್ವ ಸೇರಿಸುವ ಆ್ಯಪ್‌ಗಳೂ ಬಂದವು. ಫೋನು ರಾತ್ರಿ ಹೊತ್ತು ಹಲವು ಫೋಟೋ ತೆಗೆದು ಒಂದಾಗಿ ಹೆಣೆಯಲೂ ಕಲಿಯಿತು. ನಡುವೆ ಯಾರಾದರೂ ಅಲುಗಾಡಿದರೆ ಅರ್ಧ ಮನುಷ್ಯ ಸಿಗಬಹುದು.

ಈಗಿನ ಗದ್ದಲ ಜಾಸ್ತಿ ಇರುವುದು ಸಿಸಿಟಿವಿಯದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕತ್ತಲಾದ ಮೇಲೆ ಆ ಕ್ಯಾಮೆರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹರಿಸಿ ಕಪ್ಪು ಬಿಳುಪಿನಲ್ಲಿ ನೋಡುತ್ತದೆ. ಆ ಬೆಳಕಿನಲ್ಲಿ ಕಡುಗೆಂಪು, ಕಪ್ಪು ಬಟ್ಟೆಗಳೂ ಎಷ್ಟೋ ಸಲ ಬೆಳ್ಳಗೆ ಕಾಣುತ್ತವೆ. ಬೆಳಕು ಸಾಲದೆ ಶಟರ್ ನಿಧಾನವಾಗುತ್ತದೆ. ನಡೆಯುವವರ ದೇಹದಲ್ಲಿ ಹೆಚ್ಚು ಅಲುಗಾಡುವುದು ಕಾಲು, ಹಾಗಾಗಿ ಮೊದಲು ಮಾಯವಾಗುವುದೂ ಕಾಲೇ. ಬಿಳಿ ಸೀರೆ, ಕಾಲಿಲ್ಲದ ಹೆಂಗಸು. ಅಜ್ಜಿ ಹೇಳಿದ ಕತೆಗೆ ಬೇಕಾದದ್ದೆಲ್ಲ ಸಿಕ್ಕಿತು. ಲೆನ್ಸಿನ ಮುಂದೆ ಬಲೆ ಕಟ್ಟುವ ಜೇಡ ಮಾಡುವ ಆಟ ಬೇರೆ.

ಆ ಹೊತ್ತಿನಲ್ಲಿ ರಸ್ತೆಯಲ್ಲಿ ಯಾರಿರುತ್ತಾರೆ ಅಂತ ಕೇಳಿದವರು ಕಡಿಮೆ. ಬೆಳಕು ಹರಿಯುವ ಮೊದಲೇ ಮೆಣಸಿನಕಾಯಿ ಬಿಡಿಸಲು, ಹತ್ತಿ ಕೀಳಲು ಹೊರಡುವ ಕೂಲಿ ಹೆಂಗಸರಿದ್ದಾರೆ. ಮನೆಯಲ್ಲಿ ಶೌಚಾಲಯ ಇಲ್ಲದೆ ಕತ್ತಲಲ್ಲೇ ಹೊರಗೆ ಹೋಗುವವರಿದ್ದಾರೆ. ಅಂಥ ಒಬ್ಬಳ ಮಸುಕು ಚಿತ್ರ ಜಿಲ್ಲೆಯೆಲ್ಲ ಸುತ್ತಿದರೂ ಅದು ತನ್ನದೆಂದು ಅವಳಿಗೆ ತಿಳಿಯುವುದು ಹೇಗೆ?

ಈಗ ಎಐ ಬಂದಿದೆ. ಯಾವ ದೋಷವೂ ಇಲ್ಲದೆ ದೆವ್ವ ತಯಾರಾಗುತ್ತದೆ. ಹೀಗಾಗಿ ಪರೀಕ್ಷೆಯೆಲ್ಲ ಮೂಲ ಫೈಲಿನ ಮೇಲೆ ನಿಂತಿದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತಲೇ ಕಳಿಸಿದರೆ ತೆಗೆದ ದಿನಾಂಕ, ಕ್ಯಾಮೆರಾ ವಿವರ ಕಳಚಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ಸಿಸಿಟಿವಿ ಆದರೆ ಆ ಕ್ಷಣದ ಹಿಂದಿನ, ಮುಂದಿನ ಹತ್ತು ನಿಮಿಷವೂ ಬೇಕು. ಬಂದವಳು ಎಲ್ಲಿಂದ ಬಂದಳು, ಎತ್ತ ಹೋದಳು ಅನ್ನುವುದು ಅಲ್ಲಿ ಸಿಗಬಹುದು. ಆದರೆ ಡಿಸ್ಕ್ ತುಂಬಿದಂತೆ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ಯಾರಾದರೂ ಕೇಳುವ ಹೊತ್ತಿಗೆ ಅಸಲಿ ದೃಶ್ಯ ಹೋಗಿರುತ್ತದೆ. ಉಳಿಯುವುದು ಮಾನಿಟರಿನ ಮುಂದೆ ಮೊಬೈಲ್ ಹಿಡಿದು ತೆಗೆದ ಕೆಲವೇ ಸೆಕೆಂಡಿನ ಕ್ಲಿಪ್. ಊರೂರು ಸುತ್ತುವುದು ಅದೇ.