ಮಾಸ್ಕಿಂಗ್: ಮುಖವಾಡವೋ, ಸಂಭಾಳಿಸುವುದೋ?

ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬೆಳಕು ಗ್ರಹಿಸುವ ರೀತಿ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ) ಇರುವ ಹೆಣ್ಣುಮಕ್ಕಳ ವಿಷಯ ಬಂದಲ್ಲೆಲ್ಲ 'ಮಾಸ್ಕಿಂಗ್' ಎಂಬ ಪದ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಅದನ್ನು 'ಮುಖವಾಡ' ಎಂದುಬಿಟ್ಟರೆ ನನಗೆ ಸರಿಬರುವುದಿಲ್ಲ. ನಮ್ಮ ಕಡೆ ಮುಖವಾಡ ಹಾಕಿದವರು, ಸೋಗು ಹಾಕಿದವರು ಅಂದರೆ ಒಳಗೊಂದು ಹೊರಗೊಂದು ಇರುವ ಮೋಸಗಾರರು. ಮಾಸ್ಕಿಂಗ್ ಮಾಡುವವಳು ಯಾರಿಗೂ ಮೋಸ ಮಾಡುತ್ತಿರುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೇಳುತ್ತಾರಲ್ಲ, 'ಸಂಭಾಳಿಸ್ಕೊಂಡ ಹೋಗವಾ' ಅಂತ, ಅದು ಈ ಪದಕ್ಕೆ ಹೆಚ್ಚು ಹತ್ತಿರ.

ಮಿದುಳು ಕೆಲಸ ಮಾಡುವ ರೀತಿಯೇ ಬಹುಪಾಲು ಜನರಿಗಿಂತ ಬೇರೆ ಇರುವವರು ನ್ಯೂರೋಡೈವರ್ಜೆಂಟ್. ಆಟಿಸಂ, ಎಡಿಎಚ್‌ಡಿ, ಓದು-ಬರಹ ತೊಡಕಾಗುವ ಡಿಸ್ಲೆಕ್ಸಿಯಾ ಎಲ್ಲ ಇದರೊಳಗೇ ಬರುತ್ತವೆ. ನಾಲ್ಕು ಮಂದಿಯ ನಡುವೆ ತಾವು ಎದ್ದು ಕಾಣಬಾರದೆಂದು ಇವರು ಪಡುವ ಪಾಡೆಲ್ಲ ಮಾಸ್ಕಿಂಗ್: ಆಡುವ ಮಾತನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಳ್ಳುವುದು, ಬೇರೆಯವರು ನಕ್ಕಾಗ ನೋಡಿಕೊಂಡು ನಗುವುದು, ಅಲ್ಲಾಡುವ ಕೈಯನ್ನು ಸೆರಗಿನಡಿ ಬಿಗಿಹಿಡಿಯುವುದು. ಆಟಿಸಂ ಇರುವವರಲ್ಲಿ ಇದನ್ನು ಅಳೆಯಲೆಂದೇ 25 ಹೇಳಿಕೆಗಳ ಪ್ರಶ್ನಾವಳಿಯೊಂದು 2018ರಲ್ಲಿ ಬಂತು.

ನಮ್ಮ ವೈನಿಯ, ಅಂದರೆ ಅತ್ತಿಗೆಯ, ರೊಟ್ಟಿಯ ಕಥೆ ಹೇಳಬೇಕು. ಮನೆಯಲ್ಲಿ ಬೀಗರು ತುಂಬಿದರೆ ಸಾಕು, ಅವರು ಅಡುಗೆಮನೆ ಸೇರಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಟಪ್ ಟಪ್ ಟಪ್, ಅಂಗೈ ತಿರುಗಿದಂತೆ ರೊಟ್ಟಿಯೂ ತಿರುಗಬೇಕು. ನಲವತ್ತು ಬಡಿದರೂ ಏಳುತ್ತಿರಲಿಲ್ಲ. 'ಎಷ್ಟ್ ಶಾಣ್ಯಾಕಿ ನೋಡ್ರಿ ಸೊಸಿ' ಎಂದು ಊರೆಲ್ಲ ಹೊಗಳಿತು. ವೈನಿ ಆಮೇಲೆ ನನಗೆ ಹೇಳಿದ್ದು ಬೇರೆ: 'ಪಡಸಾಲ್ಯಾಗ ಹತ್ತ್ ಮಂದಿ ಒಮ್ಮೆಲೆ ಮಾತಾಡಿದ್ರ ನನ್ನ ತಲಿ ಸಿಡದ್ ಹೋಗತಿತ್ತವಾ. ರೊಟ್ಟಿ ಬಡಿಯೂ ಸಪ್ಪಳದಾಗ ಜೀವ ಹಗುರಾಗತಿತ್ತು.' ಬೀಗರು ಹೋದ ಮೇಲೆ ಎರಡು ದಿನ ಕತ್ತಲೆ ಕೋಣೆಯಲ್ಲಿ ಮುಸುಕು ಹಾಕಿ ಮಲಗುತ್ತಿದ್ದರು. ಆಗ ಮಾತ್ರ ಮನೆಯವರಿಗೆ ಅವರು ಮೈಗಳ್ಳಿ.

ವರ್ಷಗಟ್ಟಲೆ ಹೀಗೆ ಸಂಭಾಳಿಸಿದರೆ ಮೈ ಮನಸ್ಸು ಎರಡೂ ಸೋಲುತ್ತವೆ, ಆತಂಕ, ಖಿನ್ನತೆ ಹತ್ತಿಕೊಳ್ಳುತ್ತವೆ. ಎಷ್ಟೋ ಸಲ ಔಷಧ ಅದಕ್ಕಷ್ಟೇ ಸಿಗುತ್ತದೆ, ಅಡಿಯಲ್ಲಿರುವುದನ್ನು ಯಾರೂ ನೋಡುವುದಿಲ್ಲ. ಇದಕ್ಕೆ ಹಳೆಯದೊಂದು ಕಾರಣವೂ ಇದೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆದಾಗ ವರ್ಣಿಸಿದ 11 ಮಕ್ಕಳಲ್ಲಿ ಹುಡುಗಿಯರು 3 ಜನ. ಆಟಿಸಂ ಅಂದರೆ ಗಂಡುಹುಡುಗ ಎಂಬ ಚಿತ್ರ ಬಹುಕಾಲ ಅಳಿಯಲಿಲ್ಲ. ಕಲಿತುಕೊಂಡ ಉಪಾಯಗಳು ಲಕ್ಷಣಗಳನ್ನು ಮರೆಮಾಡಬಹುದು ಎಂಬ ಮಾತು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 2013ರಲ್ಲಿ. ಇನ್ನು ಸುಮ್ಮನೆ ಮೂಲೆ ಹಿಡಿದು ಕೂತ ಹುಡುಗಿಗೆ 'ಶಾಣ್ಯಾಕಿ' ಎಂಬ ಬಿರುದು ಕೊಡುವ ನಾವು ಅವಳನ್ನು ಡಾಕ್ಟರರ ಹತ್ತಿರ ಯಾಕೆ ಕರೆದೊಯ್ದೇವು?

ತಾವೂ ನ್ಯೂರೋಡೈವರ್ಜೆಂಟ್ ಎಂದು ವೈನಿಗೆ ಗೊತ್ತಾದದ್ದು 38ರ ವಯಸ್ಸಿನಲ್ಲಿ, ಮಗನನ್ನು ಧಾರವಾಡಕ್ಕೆ ತೋರಿಸಲು ಹೋದಾಗ. 'ಅವರು ಮಗನ ಬಗ್ಗೆ ಕೇಳಾಕತ್ತಿದ್ರು, ನಾ ನನ್ನ ಬಗ್ಗೇನ ಹೇಳಾಕತ್ತಿದ್ದೆ' ಎಂದು ನಗುತ್ತಾರೆ. ಮಕ್ಕಳ ತಪಾಸಣೆಯಲ್ಲಿ ತಮ್ಮನ್ನೇ ಗುರುತು ಹಿಡಿದ ತಾಯಂದಿರು ಬೇಕಾದಷ್ಟಿದ್ದಾರೆ.

ಗುರುತು ಹಿಡಿದ ಮೇಲೆ ಗುಣವಾಗುವುದು ಅಂದರೇನು? ಸ್ವಭಾವ ರೋಗವಲ್ಲ, ಅದು ವಾಸಿಯಾಗುವುದಿಲ್ಲ. ಇಷ್ಟು ವರ್ಷ ತನ್ನನ್ನೇ ಬೈದುಕೊಂಡ ಗಾಯ ಮಾತ್ರ ಮಾಯಬೇಕು. ಸಂಭಾಳಿಸುವುದನ್ನು ಒಂದೇ ದಿನ ಬಿಟ್ಟುಬಿಡಿ ಎನ್ನುವವರ ಮಾತು ನಾನು ಒಪ್ಪಲಾರೆ. ಅತ್ತೆಮನೆಯಲ್ಲಿ, ನೌಕರಿಯಲ್ಲಿ ಅದಕ್ಕೆ ತೆರಬೇಕಾದ ಬೆಲೆ ಹೇಳುವವರದಲ್ಲ. ಎಲ್ಲಿ, ಯಾರ ಮುಂದೆ, ಎಷ್ಟು ಬಿಡಬೇಕು ಎಂಬುದು ಅವಳದೇ ಲೆಕ್ಕ.

ವೈನಿ ಕಂಡುಕೊಂಡ ದಾರಿ ನಮ್ಮ ಮಾತಿನಲ್ಲೇ ಇತ್ತು. ಊಟಕ್ಕೆ ಕೂತಾಗ 'ನನಗ ಬದನಿಕಾಯಿ ಆಗೂದಿಲ್ಲ' ಅಂದರೆ ಯಾರೂ ಸರ್ಟಿಫಿಕೇಟು ಕೇಳುವುದಿಲ್ಲ, ಬಡಿಸುವವರು ಸುಮ್ಮನೆ ಮುಂದೆ ಹೋಗುತ್ತಾರೆ. ಹೋದ ವರ್ಷ ಒಂದು ಮದುವೆಯಲ್ಲಿ, ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಬ್ಯಾಂಡು ಶುರುವಾಗುತ್ತಿದ್ದಂತೆ ವೈನಿ ಅತ್ತೆಯ ಕಡೆ ತಿರುಗಿ, 'ಅತ್ತಿ, ನನಗ ಈ ಸಪ್ಪಳ ಆಗೂದಿಲ್ರೀ' ಅಂದರು. ಆ ಮುದುಕಿ ಒಂದು ಗಳಿಗೆ ಸೊಸೆಯ ಮುಖ ನೋಡಿ, 'ಹಂಗಾರ ಹಿಂದಿನ ಕಟ್ಟಿ ಮ್ಯಾಲ ಕುಂಡ್ರು ಹೋಗವಾ, ಅಕ್ಕಿಕಾಳಿನ ಹೊತ್ತಿಗೆ ಕರೀತೀನಿ' ಅಂದಳು.